ಕಡೆಯ ತೀರ್ಪು ಯಾರ ಕೈಯಲ್ಲಿ?

ಮುಂಬಯಿಯಿಂದ ಶಿರಡಿಗೆ ರಸ್ತೆಯ ಮೇಲೆ ಹೋಗಿಬಂದ ನಮ್ಮ ವಾಚಕರಲ್ಲಿ ಬಹುಮಂದಿ ಸಿನ್ನರ್ ಎಂಬ ಊರನ್ನು ಬಸ್ಸಿನ ಕಿಟಕಿಯಿಂದ ನೋಡಿಯೇ ಇರುತ್ತಾರೆ. ಇಳಿದು ನೋಡಿದವರು ಕಡಿಮೆ. ನಾಸಿಕದಿಂದ ಪುಣೆಯ ದಾರಿಯಲ್ಲಿ ಸುಮಾರು 30 ಕಿಲೋಮೀಟರು. ಬೀಡಿ ಕಟ್ಟುವ ಊರೆಂದು ಹಿಂದೆ ಹೆಸರಾಗಿತ್ತು. ಈಗ ಮಾಳೇಗಾವ್, ಮುಸಳಗಾವ್‌ಗಳ ಕೈಗಾರಿಕಾ ವಸಾಹತುಗಳಿಂದ ಹೆಸರಾಗಿದೆ. ಊರಿನಲ್ಲಿ ಗೊಂದೇಶ್ವರನ ದೊಡ್ಡ ಕಲ್ಲುಗುಡಿಯಿದೆ. ಸೇವುಣ ಯಾದವರು ದೇವಗಿರಿಯನ್ನು ಕಟ್ಟುವ ಮುಂಚೆ ಆಳಿದ್ದು ಈ ಸಿನ್ನರಿನಿಂದಲೇ. ಆ ಅರಸರ ಶಾಸನಗಳಲ್ಲಿ ಕನ್ನಡದವು ಹೇರಳವಾಗಿರುವುದರಿಂದ, ಹೊರನಾಡಿನಲ್ಲಿದ್ದೇವೆಂಬ ಕೊರಗು ನಮಗೆ ಇಲ್ಲಿ ಸ್ವಲ್ಪ ಕಡಿಮೆ. 1296ರಲ್ಲಿ ಅಲ್ಲಾವುದ್ದೀನನ ದಂಡು ದೇವಗಿರಿಯ ಮೇಲೆ ಬಿದ್ದು, ಮುಂದಿನ ಇಪ್ಪತ್ತು ಇಪ್ಪತ್ತೆರಡು ವರ್ಷಗಳಲ್ಲಿ ಆ ರಾಜ್ಯವೇ ಇಲ್ಲವಾಯಿತು. ಆಗ ಬದುಕಿದ್ದವರಿಗೆ ಅದು ಲೋಕದ ಅಂತ್ಯದಂತೆಯೇ ತೋರಿದ್ದಿರಬೇಕು. ಆದರೂ ಮರುದಿನ ಬೆಳಿಗ್ಗೆ ಯಾರೋ ಎದ್ದು ಸಜ್ಜೆ ಬೀಸಿರಲೇಬೇಕು.

ಈ ಮಾತು ಪೀಠಿಕೆಯಾಗಿ ಬಂದದ್ದಕ್ಕೆ ಕಾರಣವಿದೆ. ಲೋಕದ ಅಂತ್ಯ, ದೇವರ ನ್ಯಾಯತೀರ್ಪು, ರಕ್ಷಣೆ ಎಂಬ ಕ್ರೈಸ್ತ ನಂಬಿಕೆಗಳನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಸಿನ್ನರಿನಲ್ಲಿ ಗೋಡೆ ಕೂಡಿದ ನೆರೆಮನೆಯಲ್ಲಿ ಕಲಿತೆವು. ಆ ಮನೆಯ ಹಿರಿಯರು ಗದುಗಿನ ಪಕ್ಕದ ಬೆಟಗೇರಿಯವರು, ಕಾರ್ಖಾನೆಯ ಕೆಲಸಕ್ಕೆಂದು ಬಂದು ನಿವೃತ್ತರಾದ ಮೇಲೂ ಇಲ್ಲಿಯೇ ಉಳಿದವರು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ 1834ರಲ್ಲಿ ಬಂದು, ಧಾರವಾಡ, ಹುಬ್ಬಳ್ಳಿಗಳನ್ನು ದಾಟಿ 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರಷ್ಟೆ. ಅಂದಿನಿಂದಲೂ ತಮ್ಮದು ಕ್ರಿಸ್ತನ ಮನೆತನವೆಂದು ಅವರು ಹೇಳುತ್ತಿದ್ದರು. ಅವರ ಮಾತು ಅಪ್ಪಟ ಗದುಗಿನ ಮಾತು. ಆದರೆ ಪ್ರಾರ್ಥನೆಗೆ ಕುಳಿತರೆ ಮಾತ್ರ ಹಳೆಯ ಸತ್ಯವೇದದ ಕನ್ನಡ ಹೊರಡುತ್ತಿತ್ತು, ‘ಆತನು’, ‘ಯಾಕಂದರೆ’, ‘ಇಗೋ’ ಎಂದೆಲ್ಲ. ಮರಾಠಿಯ ನಡುವೆ ಇಡೀ ದಿನ ಕಳೆದ ನಮಗೆ ಗೋಡೆಯಾಚೆಯಿಂದ ಕೇಳುವ ಆ ಕನ್ನಡ ಹಿತವಾಗಿತ್ತು. ಅದರ ಅರ್ಥದ ಕಡೆಗೆ ನಾವು ಬಹಳ ವರ್ಷ ಗಮನ ಕೊಡಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ಡಿನ ದೆಸೆಯಿಂದ ದೇಶವೆಲ್ಲ ಬಾಗಿಲು ಹಾಕಿತಲ್ಲ, ಆಗ ಗಮನ ಕೊಡಬೇಕಾಯಿತು. ಕಾರ್ಖಾನೆಗಳು ನಿಂತವು. ಕೂಲಿಯಿಲ್ಲದ ಜನ ಗಂಟು ಹೊತ್ತು ರಸ್ತೆಗೆ ಬಿದ್ದರು. ಬಿಸಿಲಿನಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನಡೆದವರನ್ನು ನಾವು ಮಹಡಿಯ ಮೇಲಿನಿಂದ ನೋಡಿದೆವು. ನೋಡಿ, ಕೆಳಗಿಳಿದು, ಗೇಟಿಗೆ ಬೀಗ ಹಾಕಿದೆವು. ಮನೆಯಲ್ಲಿ ವಯಸ್ಸಾದವರಿದ್ದರು, ರೋಗದ ಭಯವಿತ್ತು, ಸರ್ಕಾರದ ಆಜ್ಞೆಯೂ ಇತ್ತು. ಕಾರಣಗಳಿಗೆ ಕೊರತೆಯಿರಲಿಲ್ಲ. ನೆರೆಮನೆಯ ಹಿರಿಯರು ಅದೇ ಹೊತ್ತಿಗೆ ಒಳಗೆ ಕನ್ನಡಕ ಏರಿಸಿಕೊಂಡು ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯ ಓದುತ್ತಿದ್ದರು. ಯುದ್ಧ, ಬರಗಾಲ, ಭೂಕಂಪ ಇತ್ಯಾದಿ ಕಡೆಯ ದಿನಗಳ ಗುರುತುಗಳನ್ನು ಹೇಳುವ ಅಧ್ಯಾಯವದು. ಈಗ ನಡೆಯುತ್ತಿರುವುದಕ್ಕೂ ಅದಕ್ಕೂ ತಾಳೆ ಹಾಕಿ, ಗೋಡೆಯ ಮೇಲಿಂದ ನಮಗೆ ವರದಿ ಒಪ್ಪಿಸುತ್ತಿದ್ದರು. ಅವರ ಮನೆಯಾಕೆಗೆ ಓದಲು ಬಿಡುವಿರಲಿಲ್ಲ. ಆಕೆ ಹಿತ್ತಿಲಲ್ಲಿ ಒಲೆ ಹೂಡಿ ಸಜ್ಜೆರೊಟ್ಟಿ ಬಡಿಯುತ್ತಿದ್ದರು. ಮೂಗಿಗೆ ಸೆರಗು ಕಟ್ಟಿಕೊಂಡು ಹೋಗಿ, ರೊಟ್ಟಿಯನ್ನೂ ಖಾರದ ಚಟ್ನಿಯನ್ನೂ ಒಂದು ಕೊಡ ನೀರನ್ನೂ ರಸ್ತೆಯ ಬದಿಯ ಕಲ್ಲಿನ ಮೇಲಿಟ್ಟು ಬರುತ್ತಿದ್ದರು. ಹೀಗೆ ಎಷ್ಟೋ ದಿನ ನಡೆಯಿತು.

ಮತ್ತಾಯನ 24ರ ಮುಂದಿನದು 25ನೆಯ ಅಧ್ಯಾಯವೆಂಬುದು ನಮಗೆ ಆಮೇಲೆ ತಿಳಿಯಿತು. ಅದಕ್ಕೆ ಮುಂದೆ ಬರೋಣ.

ನಮ್ಮಲ್ಲಿ ಅನೇಕರು ಕ್ರೈಸ್ತರ ತೀರ್ಪಿನ ದಿನವನ್ನು ಯಮಪುರಿಯ ಇನ್ನೊಂದು ಆವೃತ್ತಿಯೆಂದು ಎಣಿಸುತ್ತಾರೆ. ಅಷ್ಟು ಸುಲಭವಲ್ಲ. ಚಿತ್ರಗುಪ್ತನ ಕಡತ ಒಬ್ಬೊಬ್ಬನಿಗೂ ಬೇರೆ. ಲೆಕ್ಕ ಮುಗಿದರೆ ಮತ್ತೆ ಜನ್ಮ, ಮತ್ತೆ ಖಾತೆ. ಕ್ರೈಸ್ತರ ಎಣಿಕೆಯಲ್ಲಿ ಬದುಕು ಒಂದೇ. ಸತ್ತವರೆಲ್ಲ ದೇಹಸಹಿತ ಏಳುವ ಒಂದು ದಿನವಿದೆ, ಆ ದಿನ ಚರಿತ್ರೆಯೆಲ್ಲ ಒಟ್ಟಿಗೆ ಕಟಕಟೆಯಲ್ಲಿ ನಿಲ್ಲುತ್ತದೆ, ಅರಸನೂ ಆಳೂ ಅಕ್ಕಪಕ್ಕದಲ್ಲಿ. ‘ಮೋಕ್ಷ’ ಮತ್ತು ‘ರಕ್ಷಣೆ’ ಎಂಬ ಎರಡು ಮಾತುಗಳ ಅಂತರವನ್ನೂ ನೋಡಬೇಕು. ಮೋಕ್ಷವೆಂದರೆ ಬಿಡುಗಡೆ, ಗಂಟು ಬಿಚ್ಚಿಕೊಂಡರೆ ಸಾಕು. ರಕ್ಷಣೆಯೆಂದರೆ ಮುಳುಗುವವನನ್ನು ಇನ್ನೊಬ್ಬ ಕೈಹಿಡಿದು ಎತ್ತುವುದು. ಕನ್ನಡದಲ್ಲಿ ಸತ್ಯವೇದವನ್ನು ತಂದವರು, 1830ರ ಸುಮಾರಿಗೆ ಬಳ್ಳಾರಿಯಲ್ಲಿ ದುಡಿದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು, ಇಂಥ ಮಾತುಗಳನ್ನು ನಮ್ಮ ನಿಘಂಟಿನಿಂದಲೇ ಆಯ್ದುಕೊಳ್ಳಬೇಕಾಗಿತ್ತು. ಇದ್ದ ಪದಗಳ ಮೇಲೆ ಹೊಸ ಹೊರೆ ಹೊರಿಸುವುದು ಸಣ್ಣ ಕೆಲಸವೇನಲ್ಲ.

ಕೈಹಿಡಿದು ಎತ್ತುವವನೊಬ್ಬನಿದ್ದರೆ ನಮ್ಮ ಪ್ರಯತ್ನಕ್ಕೇನು ಬೆಲೆ? ಈ ಪ್ರಶ್ನೆ ಅವರಲ್ಲಿ ಶತಮಾನಗಳಿಂದ ಬಗೆಹರಿದಿಲ್ಲ. ನಂಬಿಕೆಯೊಂದೇ ಸಾಕೆಂದು ಲೂಥರನ ಪಕ್ಷ. ನಂಬಿಕೆಯ ಜೊತೆಗೆ ಕ್ರಿಯೆಯೂ ಬೇಕೆಂದು ರೋಮಿನ ಪಕ್ಷ. ನಮ್ಮ ಶ್ರೀವೈಷ್ಣವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಯಿಯನ್ನು ತಾನೇ ಅವಚಿ ಹಿಡಿಯುವ ಕೋತಿಮರಿ, ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುವ ಬೆಕ್ಕಿನಮರಿ, ಇವೆರಡರಲ್ಲಿ ಭಕ್ತ ಯಾವುದು ಎಂದು ವಡಗಲೆ, ತೆಂಗಲೆಯವರು ತಲೆಮಾರುಗಟ್ಟಲೆ ಜಗಳಾಡಿದ್ದಾರೆ.

ಇನ್ನು ದಿನ ಗೊತ್ತುಮಾಡುವ ಹುಚ್ಚು. ಅಂತ್ಯದ ದಿನವೂ ಗಳಿಗೆಯೂ ಯಾರಿಗೂ ತಿಳಿಯದೆಂದು ಸುವಾರ್ತೆಯೇ ಹೇಳುತ್ತಿದ್ದರೂ ಎಣಿಸುವವರು ಎಣಿಸುತ್ತಲೇ ಬಂದಿದ್ದಾರೆ. ಅಮೇರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತ ಮರಳಿ ಬರುವನೆಂದು ಕಾದು ಕುಳಿತರು. ಕೆಲವರು ಬೆಳೆದು ನಿಂತ ಪೈರನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟರು. ಮರುದಿನ ಎಂದಿನಂತೆ ಸೂರ್ಯ ಹುಟ್ಟಿದ. ಆ ಆಶಾಭಂಗದಿಂದ ಎದ್ದು ಬಂದವರೇ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯನ್ನು ಕಟ್ಟಿದರು. ಅವರ ಸ್ಪೈಸರ್ ವಿದ್ಯಾಲಯ ಸಿನ್ನರಿನ ಇದೇ ರಸ್ತೆಯ ಆಚೆ ತುದಿಯ ಪುಣೆಯಲ್ಲಿದೆ. 1915ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿ, ಬೆಂಗಳೂರಿನ ಕೃಷ್ಣರಾಜಪುರದಲ್ಲಿ ಕೆಲಕಾಲವಿದ್ದು ಇಲ್ಲಿಗೆ ಬಂದದ್ದು, ನಮ್ಮಂತೆಯೇ ವಲಸೆ.

ನಗುವ ಮೊದಲು ನಮ್ಮ ಮನೆಯ ಕಡೆಗೂ ನೋಡಿಕೊಳ್ಳೋಣ. ಕನ್ನಡನಾಡಿಗೆ ಕಾಲಜ್ಞಾನ ಹೊಸದಲ್ಲ. ಚೆನ್ನಬಸವಣ್ಣನ ಹೆಸರಿನಲ್ಲಿ ಹಬ್ಬಿದ ಕಾಲಜ್ಞಾನದ ಹೊತ್ತಗೆಗಳನ್ನು ಹಿಡಿದು, ಒಳ್ಳೆಯ ಕಾಲ ಬಂದೀತೆಂದು ತಲೆಮಾರುಗಳಿಂದ ಕಾದಿದ್ದ ಜನ ಧಾರವಾಡ ಸೀಮೆಯಲ್ಲಿದ್ದರು. 1840ರ ಹೊತ್ತಿಗೆ ಅವರಲ್ಲಿ ಕೆಲವರು ಬಾಸೆಲ್ ಮಿಶನರಿಗಳನ್ನು ಕಂಡು, ತಮ್ಮ ಹೊತ್ತಗೆಯಲ್ಲಿ ಹೇಳಿದವರು ಇವರೇ ಇರಬಹುದೇ ಎಂದು ವಿಚಾರಿಸಿದರು. ಇತ್ತ ಮೋಗ್ಲಿಂಗ್ ಮೊದಲಾದ ಮಿಶನರಿಗಳಿಗೆ, ಸಾವಿರಾರು ಜನ ಒಮ್ಮೆಲೇ ಸಭೆ ಸೇರುವ ಕಾಲ ಬಂತೆಂಬ ಆಸೆ ಚಿಗುರಿತು. ಗದುಗಿನ ಹತ್ತಿರ ಮಲಸಮುದ್ರದಲ್ಲಿ 1841ರಲ್ಲಿ ಒಂದು ನೆಲೆಯನ್ನೂ ಹೂಡಿದರು. ಸಾವಿರಾರು ಜನ ಬರಲಿಲ್ಲ. ಎರಡು ಬಗೆಯ ನಿರೀಕ್ಷೆಗಳು ಎದುರುಬದುರಾಗಿ, ಒಂದು ಇನ್ನೊಂದನ್ನು ತನ್ನ ಉತ್ತರವೆಂದು ಭ್ರಮಿಸಿ, ಕೊನೆಗೆ ಇಬ್ಬರೂ ತಮ್ಮ ತಮ್ಮ ಹೊತ್ತಗೆಗೆ ಮರಳಿದರು. ನಮ್ಮ ಹಿರಿಯರಿಗೆ ಈ ಕಥೆ ಬಹಳ ಪ್ರಿಯವಾಗಿತ್ತು. ಎರಡು ಪಾಳಿಯವರು ಒಂದೇ ಬಸ್ಸಿಗೆ ಬೇರೆ ಬೇರೆ ನಿಲ್ದಾಣದಲ್ಲಿ ಕಾದಂತೆ ಎಂದು ನಗುತ್ತಿದ್ದರು. ಬಸ್ಸು ಬಂದೇ ಬರುತ್ತದೆಂಬುದರಲ್ಲಿ ಮಾತ್ರ ಅವರಿಗೆ ಸಂಶಯವಿರಲಿಲ್ಲ.

ಇಷ್ಟು ದೂರ ಬಂದ ಮೇಲೆ, ಯಾವ ನೆರೆಹೊರೆಯಲ್ಲಾದರೂ ಏಳುವ ಪ್ರಶ್ನೆ ನಮ್ಮ ನಡುವೆಯೂ ಎದ್ದಿತು. ಒಂದು ಸಂಜೆ ಚಹಾ ಕುಡಿಯುತ್ತ ಕೇಳಿಯೇಬಿಟ್ಟೆವು: ‘ನಿಮ್ಮ ಲೆಕ್ಕದಲ್ಲಿ ನಾವು ಯಾವ ಕಡೆ?’ ಕೇಳಿದ್ದು ತಮಾಷೆಗೆ, ಆದರೆ ತಮಾಷೆಯಾಗಿ ಉಳಿಯಲಿಲ್ಲ. ಅವರು ಬಟ್ಟಲು ಕೆಳಗಿಟ್ಟರು. ‘ಸುಳ್ಳು ಹೇಳಂಗಿಲ್ಲರೀ. ಪುಸ್ತಕದಾಗ ಇದ್ದದ್ದನ್ನ ಇಲ್ಲ ಅನ್ನಾಕ ಬರೂದಿಲ್ಲ. ದಿನಾ ಮುಂಜಾನೆ ನಿಮ್ಮ ಹೆಸರು ಹಿಡದು ಬೇಡಿಕೊಳ್ತೀನಿ’ ಎಂದರು.

ನಮಗೆ ಸಿಟ್ಟು ಬಂತು. ಹದಿನೈದು ವರ್ಷದ ನೆರೆ, ಹಬ್ಬಕ್ಕೆ ಕಡಬು, ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ, ಇಷ್ಟೆಲ್ಲ ಆದ ಮೇಲೂ ಇವರ ಕಣ್ಣಿಗೆ ನಾವು ಮುಳುಗುವವರೇ? ಕೆಲವು ದಿನ ಗೋಡೆಯ ಬಳಿ ಮಾತು ಕಡಿಮೆಯಾಯಿತು. ಆದರೆ ಸಿಟ್ಟು ಇಳಿದಂತೆ ಒಂದೊಂದೇ ಸಂಗತಿ ನೆನಪಿಗೆ ಬರತೊಡಗಿತು. ಶಾಶ್ವತ ನರಕವೆಂಬ ಕಲ್ಪನೆ ಪರದೇಶದ್ದು ಎನ್ನಲು ನಮಗೆ ಬಾಯಿಲ್ಲ. ಉಡುಪಿಯ ಆಚಾರ್ಯ ಮಧ್ವರೇ ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆ ಹೇಳಿ, ಕಡೆಯವರಿಗೆ ಅಂಧತಮಸ್ಸಿನಿಂದ ಹಿಂತಿರುಗುವ ದಾರಿಯೇ ಇಲ್ಲವೆಂದರು. ಜಿನೀವಾದ ಕ್ಯಾಲ್ವಿನ್ ಮೂರು ಶತಮಾನಗಳ ತರುವಾಯ, ಯಾರು ಉಳಿಯುವರು ಯಾರು ಅಳಿಯುವರು ಎಂಬುದು ದೇವರ ಮೊದಲ ಸಂಕಲ್ಪದಲ್ಲೇ ನಿಶ್ಚಯವಾಗಿದೆಯೆಂದ. ಒಬ್ಬರನ್ನೊಬ್ಬರು ಬಲ್ಲವರಲ್ಲ, ಒಂದೇ ಕಠಿನ ಆಲೋಚನೆ ಎರಡು ನಾಡುಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿತು. ಇನ್ನೊಂದು ಸಂಗತಿ ಇದಕ್ಕಿಂತ ಹತ್ತಿರದ್ದು. ಎಲ್ಲ ನದಿಗಳೂ ಕಡಲಿಗೇ ಎಂದು ಉದಾರವಾಗಿ ಹೇಳುವ ನಮ್ಮ ಮನೆಯಲ್ಲಿ, ಹಿರಿಯರಿದ್ದಷ್ಟು ಕಾಲ, ಆ ನೆರೆಯಾಕೆ ನಡುಮನೆ ದಾಟಿ ಬಂದದ್ದಿಲ್ಲ. ಪರಲೋಕದ ಬಾಗಿಲು ಎಲ್ಲರಿಗೂ ತೆರೆದಿದೆಯೆನ್ನುತ್ತಿದ್ದೆವು, ಅಡಿಗೆಮನೆಯ ಬಾಗಿಲು ಮುಚ್ಚಿರುತ್ತಿತ್ತು. ಅವರದು ತದ್ವಿರುದ್ಧ.

ಹೊರಗಿನವರ ಗತಿಯೇನೆಂಬ ಪ್ರಶ್ನೆ ಕ್ರೈಸ್ತರನ್ನೂ ಕಾಡದೆ ಬಿಟ್ಟಿಲ್ಲ. ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಸಿಪ್ರಿಯನ್ ಸಭೆಯ ಹೊರಗೆ ರಕ್ಷಣೆಯಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿದ. ಅದೇ ಶತಮಾನದ ಒರಿಗೆನ್ ಎಂಬ ಅಲೆಕ್ಸಾಂಡ್ರಿಯದ ಪಂಡಿತ, ಕಟ್ಟಕಡೆಗೆ ಎಲ್ಲವೂ ದೇವರಲ್ಲಿಗೆ ಮರಳೀತೆಂದು ಆಶಿಸಿದ. ಆರನೆಯ ಶತಮಾನದಲ್ಲಿ ಸಭೆ ಆ ಮತವನ್ನು ತಳ್ಳಿಹಾಕಿತು. 1964ರಲ್ಲಿ ಎರಡನೆಯ ವ್ಯಾಟಿಕನ್ ಪರಿಷತ್ತು, ತನ್ನ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಮನಸ್ಸಾಕ್ಷಿಯಂತೆ ದೇವರನ್ನು ಅರಸಿ ನಡೆಯುವವನಿಗೂ ರಕ್ಷಣೆ ಸಾಧ್ಯವೆಂದಿತು. ಬೆಟಗೇರಿಯ ಪ್ರಾಟೆಸ್ಟಂಟರಾದ ನಮ್ಮ ಹಿರಿಯರು ರೋಮಿನ ಮಾತಿಗೆ ಅಷ್ಟಾಗಿ ಕಿವಿಗೊಡುವವರಲ್ಲ. ಅವರ ಕಿವಿಗೆ ಬಿದ್ದದ್ದು ನಾಸಿಕದ ಸೀಮೆಯದೇ ಇನ್ನೊಂದು ಹೆಸರು, ನಾರಾಯಣ ವಾಮನ ಟಿಳಕರದು.

ಟಿಳಕರು ಮರಾಠಿಯ ದೊಡ್ಡ ಕವಿ. ನಾಸಿಕದಲ್ಲಿ ಓದಿದವರು, ಹೆಂಡತಿ ಲಕ್ಷ್ಮೀಬಾಯಿ ನಾಸಿಕದ ಬಳಿಯ ಜಲಾಲಪುರದವರು. ರೈಲಿನಲ್ಲಿ ಜೊತೆಗೂಡಿದ ಒಬ್ಬ ಯುರೋಪಿಯನ್ ಪ್ರಯಾಣಿಕ ಕೊಟ್ಟ ಹೊಸ ಒಡಂಬಡಿಕೆಯನ್ನು ಓದುತ್ತ ಮನಸ್ಸು ತಿರುಗಿ, 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಗಂಡ ಒಂದು ರಕ್ಷಣೆಯ ದಾರಿ ಹಿಡಿದ, ಹೆಂಡತಿ ಮಡಿಯೊಡನೆ ಇತ್ತಲೇ ಉಳಿದಳು. ಆ ಅಗಲಿಕೆಯ ವರ್ಷಗಳನ್ನೂ, ಮುಂದೆ ತಾನೇ ಗಂಡನ ಬಳಿಗೆ ಹೋಗಿ, ಜಾತಿಯ ಗಂಟನ್ನು ಬಿಚ್ಚಿಕೊಂಡು, 1900ರಲ್ಲಿ ಕ್ರೈಸ್ತಳಾದ ಬಗೆಯನ್ನೂ ಲಕ್ಷ್ಮೀಬಾಯಿ ತಮ್ಮ ‘ಸ್ಮೃತಿಚಿತ್ರೆ’ಯಲ್ಲಿ ನಗಿಸುತ್ತ ಅಳಿಸುತ್ತ ಬರೆದಿದ್ದಾರೆ. ಮರಾಠಿ ಬಲ್ಲ ನಮ್ಮ ಮಕ್ಕಳಾದರೂ ಅದನ್ನು ಓದಬೇಕು. ಟಿಳಕರು ಮಾತ್ರ ಕೊನೆಗೆ ಮಿಶನ್ನಿನ ಸಂಬಳದ ಕೆಲಸ ಬಿಟ್ಟು, 1917ರಲ್ಲಿ ಸಾತಾರದಲ್ಲಿ ‘ದೇವಾಚಾ ದರ್ಬಾರ್’ ಎಂಬ ಬಳಗ ಕಟ್ಟಿದರು. ದೀಕ್ಷಾಸ್ನಾನ ಪಡೆದವರೂ ಪಡೆಯದವರೂ ಕ್ರಿಸ್ತನ ಶಿಷ್ಯರಾಗಿ ಅಲ್ಲಿ ಕೂಡಬಹುದಾಗಿತ್ತು. ಎರಡು ವರ್ಷಗಳಲ್ಲಿ ಅವರು ತೀರಿಕೊಂಡದ್ದರಿಂದ ಆ ದರ್ಬಾರು ಬೆಳೆಯಲಿಲ್ಲ. ಬಾಗಿಲು ಎಲ್ಲಿದೆಯೆಂದು ಗೆರೆ ಎಳೆಯಲು ಒಪ್ಪದ ಒಬ್ಬ ನಂಬುಗೆಯ ಕ್ರೈಸ್ತ ಈ ಸೀಮೆಯಲ್ಲಿ ಇದ್ದನೆಂಬುದಂತೂ ದಿಟ.

ಮಾತು ಮತ್ತೆ ಕೂಡಿದ ದಿನ ಹಿರಿಯರು ಟಿಳಕರ ಹೆಸರೆತ್ತಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಸಾಕ್ಷಿರೀ. ಸಾಕ್ಷಿ ಕಟ್ಟಿಯೊಳಗ ನಿಂತಾವ ಜಡ್ಜನ ಕುರ್ಚಿ ಮ್ಯಾಲೆ ಹೋಗಿ ಕೂಡಬಾರದು’ ಎಂದರು. ಅವರು ತಮ್ಮ ನಂಬಿಕೆಯ ಒಂದು ಅಕ್ಷರವನ್ನೂ ಬಿಡಲಿಲ್ಲ. ನಮಗೂ ಬಿಡಿಸಬೇಕೆನ್ನಿಸಲಿಲ್ಲ. ನರಕದ ಬೆಂಕಿಯನ್ನು ತೋರಿಸಿ ಮಕ್ಕಳನ್ನೂ ಕಾಯಿಲೆಯವರನ್ನೂ ಹೆದರಿಸುವ ಉಪದೇಶಕರನ್ನು ನಾವು ನೋಡಿದ್ದೇವೆ, ಅದು ಅಸಹ್ಯ. ಅಂಥವರೆಲ್ಲ ಆ ಕುರ್ಚಿಯ ಮೇಲೆ ಕೂತು ಮಾತಾಡುವವರು. ತೀರ್ಪು ದೇವರದೆಂದು ನಿಜಕ್ಕೂ ನಂಬಿದವನಿಗೆ ಆ ಕೆಲಸ ಕೈತಪ್ಪಿ ಹೋಗುತ್ತದೆ.

ಈಗ ಮತ್ತಾಯನ 25ನೆಯ ಅಧ್ಯಾಯ. ಕಡೆಯ ದಿನ ಅರಸನು ಸಿಂಹಾಸನದ ಮೇಲೆ ಕೂತು, ಕುರುಬನು ಕುರಿಗಳನ್ನೂ ಆಡುಗಳನ್ನೂ ವಿಂಗಡಿಸುವಂತೆ ಜನಾಂಗಗಳನ್ನು ವಿಂಗಡಿಸುತ್ತಾನೆ. ಅಲ್ಲಿ ಯಾರನ್ನೂ ಮತದ ಪ್ರಶ್ನೆ ಕೇಳುವುದಿಲ್ಲ. ಹಸಿದಿದ್ದಾಗ ಊಟ ಕೊಟ್ಟೆಯಾ, ಬಾಯಾರಿದಾಗ ನೀರು ಕೊಟ್ಟೆಯಾ, ಪರದೇಶಿಯಾಗಿದ್ದಾಗ ಮನೆಗೆ ಕರೆದೆಯಾ, ಸೆರೆಯಲ್ಲಿದ್ದಾಗ ನೋಡಲು ಬಂದೆಯಾ, ಇಷ್ಟೇ. ‘ಪರದೇಶಿ’ ಎಂಬ ಮಾತನ್ನು ಕೇಳಿ ನಾವು ಒಂದು ಗಳಿಗೆ ತಡೆದೆವು. ಕನ್ನಡದಲ್ಲಿ ಅದಕ್ಕೆ ಬೇರೆ ನಾಡಿನವನೆಂದೂ ಅರ್ಥ, ದಿಕ್ಕಿಲ್ಲದವನೆಂದೂ ಅರ್ಥ. ಊರು ಬಿಟ್ಟವನು ದಿಕ್ಕುಗೆಟ್ಟವನೇ ಎಂದು ನಮ್ಮ ಹಿಂದಿನವರು ಎರಡನ್ನೂ ಒಂದೇ ಪದದಲ್ಲಿ ಹಾಕಿಟ್ಟರು. ಹೊರನಾಡಿಗೆ ಮೊದಲು ಬಂದಿಳಿದ ರಾತ್ರಿಯನ್ನು ನೆನೆದರೆ ಅದು ತಪ್ಪೆನಿಸುವುದಿಲ್ಲ. ಆ ಅಧ್ಯಾಯದಲ್ಲಿ ಇನ್ನೂ ವಿಚಿತ್ರವಾದದ್ದು, ಬಲಗಡೆ ನಿಂತವರಿಗೂ ಎಡಗಡೆ ನಿಂತವರಿಗೂ ಸಮಾನವಾದ ಬೆರಗು. ನಿನ್ನನ್ನು ನಾವು ಯಾವಾಗ ಕಂಡೆವೆಂದು ಇಬ್ಬರೂ ಕೇಳುತ್ತಾರೆ. ಒಳ್ಳೆಯದು ಮಾಡಿದವನಿಗೂ ತಾನು ಮಾಡಿದ್ದು ತಿಳಿದಿಲ್ಲ.

ಇಂಥ ತೀರ್ಪು ಯಾರಿಗೆ ಭಯ, ಯಾರಿಗೆ ಸಮಾಧಾನ ಎಂಬುದಕ್ಕೂ ನಾಸಿಕದಲ್ಲೇ ಒಂದು ಉತ್ತರವಿದೆ. ಶರಣಪುರ ರಸ್ತೆ ಎಂಬುದನ್ನು ಎಲ್ಲರೂ ಬಲ್ಲರು. ಶರಣಪುರವೆಂದರೇನೆಂದು ಕೇಳಿದವರು ಕಡಿಮೆ. 1850ರ ದಶಕದಲ್ಲಿ ಚರ್ಚ್ ಮಿಶನರಿ ಸೊಸೈಟಿಯ ವಿಲಿಯಂ ಸಾಲ್ಟರ್ ಪ್ರೈಸ್ ಎಂಬ ಪಾದ್ರಿ ಕಟ್ಟಿದ ಕ್ರೈಸ್ತ ಹಳ್ಳಿಯದು. ಅರಬ್ಬೀ ಹಡಗುಗಳಲ್ಲಿ ಗುಲಾಮರಾಗಿ ಮಾರಾಟಕ್ಕೆ ಹೊರಟಿದ್ದ ಆಫ್ರಿಕದ ಮಕ್ಕಳನ್ನು ಬ್ರಿಟಿಷ್ ನೌಕಾಪಡೆ ಬಿಡಿಸಿ ಮುಂಬಯಿಗೆ ತಂದಾಗ, ಅನೇಕರನ್ನು ಇಲ್ಲಿಗೆ ಕಳಿಸಿ ಅಕ್ಷರವನ್ನೂ ಬಡಗಿ, ಕಮ್ಮಾರಿಕೆಗಳನ್ನೂ ಕಲಿಸಿದರು. ಅವರಲ್ಲೊಬ್ಬ ಜೇಕಬ್ ವೈನ್‌ರೈಟ್. ಆಫ್ರಿಕದ ಒಳನಾಡಿನಲ್ಲಿ 1873ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ತೀರಿಕೊಂಡಾಗ, ಅವನ ಹೃದಯವನ್ನು ಮರದ ಬುಡದಲ್ಲಿ ಹೂಳುವಾಗ ಪ್ರಾರ್ಥನೆ ಓದಿದವನು ಈ ನಾಸಿಕದ ಹುಡುಗ. 1874ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಶವಪೆಟ್ಟಿಗೆಯ ಜೊತೆಗೆ ನಡೆದವರಲ್ಲಿಯೂ ಒಬ್ಬ. ಆಮೇಲೆ ಪ್ರೈಸ್ ಪಾದ್ರಿಯೇ ಮೊಂಬಾಸದ ಬಳಿ ಫ್ರೀಯರ್ ಟೌನ್ ಎಂಬ ಹೊಸ ನೆಲೆ ಹೂಡಿದಾಗ, ಶರಣಪುರದ ಆಫ್ರಿಕನ್ನರು ಅನೇಕರು ಅಲ್ಲಿಗೆ ಹೋದರು. ಎರಡು ಸಲ ಪರದೇಶಿಗಳು.

ಚಿಕ್ಕಂದಿನಲ್ಲಿ ತಾಯಿಯ ಕೈಯಿಂದ ಕಿತ್ತು ಮಾರಲ್ಪಟ್ಟವನಿಗೆ ನಮ್ಮ ಪುನರ್ಜನ್ಮದ ಲೆಕ್ಕ ಏನು ಹೇಳೀತು? ಹಿಂದಿನ ಜನ್ಮದಲ್ಲಿ ನೀನೇನೋ ಮಾಡಿದ್ದೆ ಎಂದೀತು. ನಮ್ಮ ಶಾಸ್ತ್ರಜ್ಞರು ಇದಕ್ಕಿಂತ ಸೂಕ್ಷ್ಮವಾಗಿ ಉತ್ತರ ಹೇಳಬಲ್ಲರು, ಆದರೆ ಜಗುಲಿಯ ಮೇಲೆ ನಾವು ಹೇಳಿ ಕೇಳಿ ಬೆಳೆದದ್ದು ಇದನ್ನೇ. ತೀರ್ಪಿನ ದಿನವನ್ನು ನಂಬಿದವನಿಗಾದರೋ, ಮಾರಿದವನನ್ನು ಹೆಸರು ಹಿಡಿದು ಕರೆಯುವ ದಿನವೊಂದಿದೆ. ಕಡಲಿಗೆ ಎಸೆಯಲ್ಪಟ್ಟವರೂ ಅಂದು ಎದ್ದು ಬಂದು ಸಾಕ್ಷಿ ನುಡಿಯುತ್ತಾರೆ. ಅವನಿಗೆ ಅದು ಭಯವಲ್ಲ, ಕಾದು ಕೂರಬೇಕಾದ ವಾಯಿದೆ. ಮಹಡಿಯ ಮೇಲೆ ನಿಂತು ನೋಡಿ, ಕೆಳಗಿಳಿದು ಬೀಗ ಹಾಕಿದವರಿಗೆ ಆ ವಾಯಿದೆ ಬೇರೆ ತರಹ ಕೇಳಿಸುತ್ತದೆ.

ಹಿರಿಯರು 2022ರ ಮಳೆಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ನಾವೂ ಹೋಗಿದ್ದೆವು. ಸಮಾಧಿಯ ಬಳಿ ಹಾಡಿದ್ದು ಮರಾಠಿಯಲ್ಲಿ. ಕೊನೆಯ ಪ್ರಾರ್ಥನೆ ಮಾತ್ರ ಅವರ ಅಳಿಯ ಕನ್ನಡದಲ್ಲಿ ಮಾಡಿದ. ಸಮಾಧಿಯ ಕಲ್ಲಿಗೆ ಎರಡೂ ಭಾಷೆ ಬೇಕೋ, ಒಂದು ಸಾಕೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕಳೆದ ವರ್ಷ ಅವರ ಮನೆಯಾಕೆ ಹುಬ್ಬಳ್ಳಿಗೆ ಮಗಳ ಮನೆಗೆ ಹೊರಟಾಗ ಸಾಮಾನು ಕಟ್ಟಲು ನಾವು ಹೋದೆವು. ಹಿತ್ತಿಲಲ್ಲಿ ಆ ಒಲೆಯ ಮೂರು ಕಲ್ಲುಗಳು ಹಾಗೆಯೇ ಇದ್ದವು. ಆಗ ರಸ್ತೆಯಲ್ಲಿ ನಡೆದು ಹೋದವರಿಗೆ ಎಷ್ಟು ರೊಟ್ಟಿ ಬಡಿದಿರಬಹುದೆಂದು ಕೇಳಿದೆವು. ಆಕೆ ಹಗ್ಗ ಬಿಗಿಯುವುದನ್ನು ನಿಲ್ಲಿಸಿ ನಮ್ಮ ಮುಖ ನೋಡಿದರು.

‘ಯಾವ ಮಂದಿರೀ? ಆ ವರ್ಷ ಉಗಾದಿ ಮುಂದ ಮಗಳು ಬರ್ತೀನಂದಾಕಿ ಬರಲಿಲ್ಲ, ಅದೊಂದು ನೆನಪೈತಿ ನೋಡ್ರಿ. ಆ ತುದಿ ಸ್ವಲ್ಪ ಹಿಡೀರಿ, ಗಂಟು ಸಡಲಾಗೇತಿ.’